ನಲವತ್ತು ದಾಟಿದ ಮೇಲೆ ಪುಟ್ಟ ಮಕ್ಕಳ ಶಿಕ್ಷಕರಾಗುವುದು: ಹೆಜ್ಜೆ ಹೆಜ್ಜೆಯಾಗಿ

ಮೂರು ವರ್ಷದ ಮಗುವೊಂದು ಶೂ ಹಾಕಿಕೊಳ್ಳುತ್ತಿದೆ. ಎಡಗಾಲಿನದ್ದು ಬಲಗಾಲಿಗೆ ಬಂದಿದೆ, ಹಿಮ್ಮಡಿ ಒಳಗೆ ಕೂರುತ್ತಿಲ್ಲ. ಮಗು ಅದನ್ನು ತೆಗೆಯುತ್ತದೆ, ತಿರುಗಿಸಿ ನೋಡುತ್ತದೆ, ಮತ್ತೆ ಅದೇ ಕಾಲಿಗೆ ಹಾಕುತ್ತದೆ. ನಾಲ್ಕು ನಿಮಿಷ ಕಳೆದಿದೆ. ಉಳಿದ ಮಕ್ಕಳು ಆಟಕ್ಕೆ ಹೋಗಲು ಬಾಗಿಲ ಬಳಿ ನಿಂತಿದ್ದಾರೆ. ಪಕ್ಕದಲ್ಲಿ ಕೂತ ಹೊಸ ಶಿಕ್ಷಕಿಯ ಕೈ ತಾನಾಗಿಯೇ ಶೂ ಕಡೆಗೆ ಚಾಚುತ್ತದೆ. ಇಪ್ಪತ್ತು ವರ್ಷ ಬೇರೆ ಕೆಲಸದಲ್ಲಿ ಪಳಗಿದ ಕೈ ಅದು. ಅರ್ಧಕ್ಕೆ ನಿಂತ ಕೆಲಸ ಕಂಡರೆ ಮುಗಿಸಿಕೊಡುವುದು ಅದಕ್ಕೆ ಅಭ್ಯಾಸವಾಗಿಬಿಟ್ಟಿದೆ.

ಆ ಕೈಯನ್ನು ತಡೆಯಲು ಕಲಿಯುವುದಕ್ಕೇ ಈ ವೃತ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಬೇಕಾಗುತ್ತದೆ. ಪ್ರಮಾಣಪತ್ರ, ಲಸಿಕೆ, ಪ್ರಥಮ ಚಿಕಿತ್ಸೆ ಎಲ್ಲವೂ ಕೆಲವು ತಿಂಗಳಲ್ಲಿ ಕೈಗೂಡುತ್ತವೆ. ಕಾಯುವುದು, ಕಾಯುತ್ತಾ ಗಮನಿಸುವುದು ಮಾತ್ರ ನಿಧಾನವಾಗಿ ಬರುತ್ತದೆ. ಆದ್ದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳದೆ ಮೊದಲ ದಿನದಿಂದಲೇ ಶುರು ಮಾಡಬೇಕು.

ವಯಸ್ಸಾಯಿತಲ್ಲ ಎಂಬ ಅಳುಕು ಇದ್ದರೆ ಈ ಕ್ಷೇತ್ರದ ಇತಿಹಾಸವನ್ನೇ ಒಮ್ಮೆ ನೋಡಿ. ಫ್ರೆಡ್ರಿಕ್ ಫ್ರೋಬೆಲ್ ಹದಿಹರೆಯದಲ್ಲಿ ಕಾಡಿನ ಕೆಲಸ ಕಲಿತವರು, ಆಮೇಲೆ ಭೂಮಾಪನಕ್ಕೆ ಹೋದವರು. ಜರ್ಮನಿಯ ಬ್ಲಾಂಕೆನ್‌ಬರ್ಗ್‌ನಲ್ಲಿ 1837ರಲ್ಲಿ ಪುಟ್ಟ ಮಕ್ಕಳ ಸಂಸ್ಥೆ ಆರಂಭಿಸಿದಾಗ ಅವರಿಗೆ ಸುಮಾರು 55 ವರ್ಷ. ಕಿಂಡರ್‌ಗಾರ್ಟನ್ ಎಂಬ ಹೆಸರು ಬಂದದ್ದು ಅದಾದ ಮೂರು ವರ್ಷಕ್ಕೆ. 1907ರಲ್ಲಿ ರೋಮ್‌ನಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸೊರಿ ಮೂಲತಃ ವೈದ್ಯೆ.

ರಾಜೀನಾಮೆಗೆ ಮೊದಲು ಐದು ಪೂರ್ತಿ ದಿನ

ಈಗಿನ ಕೆಲಸ ಬಿಡುವ ಮೊದಲು ರಜೆ ಹಾಕಿ, ಶಿಶುವಿಹಾರ ಅಥವಾ ಡೇಕೇರ್‌ ಒಂದರಲ್ಲಿ ಐದು ಪೂರ್ತಿ ದಿನ ಕಳೆಯಿರಿ. ಅನುಮತಿ ಕೇಳುವಾಗ ‘ಮೂಲೆಯಲ್ಲಿ ಕೂತು ನೋಡುತ್ತೇನೆ, ಹೇಳಿದ ಕೆಲಸ ಮಾಡುತ್ತೇನೆ’ ಎಂದು ಸ್ಪಷ್ಟವಾಗಿ ಹೇಳಿ. ಬೆಳಗಿನ ಎರಡು ಗಂಟೆ ನೋಡಿದರೆ ಏನೂ ತಿಳಿಯುವುದಿಲ್ಲ. ಬೆಳಗ್ಗೆ ಮಕ್ಕಳೂ ತಾಜಾ, ಶಿಕ್ಷಕರೂ ತಾಜಾ. ಕೆಲಸದ ನಿಜ ರೂಪ ಕಾಣುವುದು ಸಂಜೆ ನಾಲ್ಕರ ನಂತರ. ಆಗ ನಿದ್ದೆ ಸಾಲದ ಮಗು ರಚ್ಚೆ ಹಿಡಿದಿರುತ್ತದೆ, ಇನ್ನೊಂದರ ಬಟ್ಟೆ ಒದ್ದೆಯಾಗಿರುತ್ತದೆ, ಮೂರನೆಯದರ ಅಪ್ಪ ಬರುವುದು ತಡವಾಗಿರುತ್ತದೆ.

ಈ ಐದು ದಿನಗಳನ್ನು ಒಂದೇ ಕೋಣೆಯಲ್ಲಿ ಕಳೆಯಬೇಡಿ. ಶಾಲಾಪೂರ್ವ ಶಿಕ್ಷಣ ಎಂದು ಒಂದೇ ಹೆಸರಿನಲ್ಲಿ ಕರೆದರೂ ಒಳಗಿರುವುದು ಮೂರು ಬೇರೆ ಬೇರೆ ಕೆಲಸಗಳು. ಒಂದೂವರೆ ವರ್ಷದೊಳಗಿನ ಕೂಸುಗಳ ಕೋಣೆಯಲ್ಲಿ ಉಣಿಸುವುದು, ಡೈಪರ್ ಬದಲಿಸುವುದು, ಮಲಗಿಸುವುದೇ ಪಾಠ. ಅದರ ನಡುವೆ ಕಣ್ಣಲ್ಲಿ ಕಣ್ಣಿಟ್ಟು ಆಡುವ ಮಾತೇ ಪಠ್ಯಕ್ರಮ. ಒಂದೂವರೆಯಿಂದ ಮೂರರವರೆಗೆ ಓಟ, ಕಚ್ಚಾಟ, ‘ನಂದು’ ಎಂಬ ಜಗಳ, ಶೌಚದ ಅಭ್ಯಾಸ. ಮೂರರಿಂದ ಆರರವರೆಗೆ ಕತೆ, ಕಟ್ಟುವ ಆಟ, ಗೆಳೆತನ, ಮುಗಿಯದ ಪ್ರಶ್ನೆಗಳು. ನಾಲ್ಕು ವರ್ಷದವರೊಂದಿಗೆ ಹಿಗ್ಗುವ ಎಷ್ಟೋ ಮಂದಿ ಎರಡು ವರ್ಷದವರ ಕೋಣೆಯಲ್ಲಿ ಒಂದೇ ವಾರಕ್ಕೆ ಬಳಲಿ ಹೋಗುತ್ತಾರೆ. ಕೆಲಸಕ್ಕೆ ಸೇರುವ ಮೊದಲೇ ಇದು ನಿಮ್ಮ ಬಗ್ಗೆ ನಿಮಗೆ ಗೊತ್ತಿರಬೇಕು.

ನೋಡಲು ಕಲಿಯುವ ಅಭ್ಯಾಸ

ಆ ದಿನಗಳಲ್ಲೇ ಈ ಅಭ್ಯಾಸ ಆರಂಭಿಸಿ. ಒಂದು ಮಗುವನ್ನು ಆರಿಸಿಕೊಳ್ಳಿ. ಹತ್ತು ನಿಮಿಷ ಅದನ್ನು ಮಾತ್ರ ನೋಡಿ, ಕಂಡದ್ದನ್ನು ಬರೆಯಿರಿ. ಹೆಸರಿನ ಬದಲು ಒಂದು ಅಕ್ಷರ ಸಾಕು. ಹೊಸಬರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: ‘ಮಗು ಬೇಜಾರಿನಲ್ಲಿತ್ತು, ಯಾರೊಂದಿಗೂ ಬೆರೆಯಲಿಲ್ಲ, ಸ್ವಲ್ಪ ಹಠಮಾರಿ.’ ಇದರಲ್ಲಿ ಕಣ್ಣಿಗೆ ಕಂಡದ್ದು ಒಂದೂ ಇಲ್ಲ, ಮೂರೂ ತೀರ್ಪುಗಳೇ.

ಕಂಡದ್ದು ಹೀಗಿರುತ್ತದೆ: ‘10.05: ಕಿಟಕಿ ಪಕ್ಕ ಚಾಪೆಯ ಮೇಲೆ ಕೂತಿದೆ. ಮರದ ತುಂಡುಗಳನ್ನು ಒಂದರ ಮೇಲೊಂದು ಇಡುತ್ತಿದೆ. ಐದನೆಯದು ಬಿತ್ತು. ಎರಡು ಮಕ್ಕಳು ಪಕ್ಕಕ್ಕೆ ಬಂದರು. ತುಂಡುಗಳನ್ನು ತನ್ನ ಕಾಲ ಬಳಿಗೆ ಎಳೆದುಕೊಂಡಿತು. ಅವರು ಕಟ್ಟುವುದನ್ನು ನೋಡಿತು. 10.09: ಅವರಂತೆಯೇ ಅಗಲದ ತುಂಡನ್ನು ಕೆಳಗಿಟ್ಟು ಮತ್ತೆ ಕಟ್ಟಿತು. ಏಳು ನಿಂತವು.’

ಎರಡನೆಯದನ್ನು ಓದಿದವರಿಗೆ ಮುಂದೇನು ಮಾಡಬೇಕೆಂಬುದು ಹೊಳೆಯುತ್ತದೆ. ಮಗು ಬೇರೆಯವರನ್ನು ನೋಡಿ ಕಲಿಯುತ್ತಿದೆ, ಪಕ್ಕದಲ್ಲೇ ಆಡುತ್ತಿದೆ, ಜೊತೆಗೂಡಿ ಆಡುವ ಹಂತಕ್ಕೆ ಇನ್ನೂ ಬಂದಿಲ್ಲ. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಸಮಾಂತರ ಆಟ ಎಂದು ಹೆಸರಿಟ್ಟರು. ಇದು ಬೆಳವಣಿಗೆಯ ಒಂದು ಹಂತವೇ ಹೊರತು ಕೊರತೆಯಲ್ಲ. ‘ಬಾ, ಅವರ ಜೊತೆ ಸೇರಿ ಆಡು’ ಎಂದು ಎಳೆದೊಯ್ದರೆ ನಡೆಯುತ್ತಿದ್ದ ಕಲಿಕೆಯೇ ನಿಂತುಹೋಗುತ್ತದೆ. ಇನ್ನಷ್ಟು ಅಗಲದ ತುಂಡುಗಳನ್ನು ಸದ್ದಿಲ್ಲದೆ ಹತ್ತಿರಕ್ಕೆ ಸರಿಸಿಟ್ಟರೆ ಸಾಕು.

ವಾರಕ್ಕೆ ಮೂರು ಬಾರಿಯಂತೆ ಎರಡು ತಿಂಗಳು ಹೀಗೆ ಬರೆದವರು ತರಗತಿಯಲ್ಲಿ ಎದ್ದು ಕಾಣುತ್ತಾರೆ. ತರಬೇತಿಯಲ್ಲೂ ಸಂದರ್ಶನದಲ್ಲೂ ಈ ಪುಸ್ತಕವನ್ನು ಜೊತೆಗೆ ಒಯ್ಯಿರಿ, ಮಕ್ಕಳ ಗುರುತು ಸಿಗುವಂಥದ್ದು ಅದರಲ್ಲಿ ಏನೂ ಇಲ್ಲವೆಂದು ಖಚಿತಪಡಿಸಿಕೊಂಡು.

ತರಬೇತಿ ಆರಿಸುವಾಗ

ಕೋರ್ಸಿಗೆ ಹಣ ಕಟ್ಟುವ ಮೊದಲು ನೀವು ಕೆಲಸ ಮಾಡಬೇಕೆಂದಿರುವ ಮೂರು ಸಂಸ್ಥೆಗಳಿಗೆ ಹೋಗಿ, ಯಾವ ಪ್ರಮಾಣಪತ್ರವನ್ನು ಒಪ್ಪುತ್ತೀರಿ ಎಂದು ಕೇಳಿ. ಪರವಾನಗಿ ನೀಡುವ ಸರ್ಕಾರಿ ಇಲಾಖೆಯಲ್ಲೂ ಇದೇ ಪ್ರಶ್ನೆ ಕೇಳಿ. ಸಹಾಯಕ ಶಿಕ್ಷಕರಿಗೆ ಒಂದು ಅರ್ಹತೆ, ಮುಖ್ಯ ಶಿಕ್ಷಕರಿಗೆ ಇನ್ನೊಂದು ಇರುವುದು ಸಾಮಾನ್ಯ. ಕೋರ್ಸ್ ಮುಗಿಸಿದ ಮೇಲೆ ‘ಇದು ಇಲ್ಲಿ ನಡೆಯುವುದಿಲ್ಲ’ ಎಂಬ ಮಾತು ಕೇಳಿಸಿಕೊಳ್ಳುವುದೇ ನಡುವಯಸ್ಸಿನಲ್ಲಿ ವೃತ್ತಿ ಬದಲಿಸುವವರಿಗೆ ಬೀಳುವ ದೊಡ್ಡ ಪೆಟ್ಟು. ಇದನ್ನು ತಪ್ಪಿಸಲು ಒಂದು ಮಧ್ಯಾಹ್ನದ ಓಡಾಟ ಸಾಕು.

ಆಮೇಲೆ ಕೋರ್ಸಿನಲ್ಲಿ ಮಕ್ಕಳ ಜೊತೆ ಕಳೆಯಬೇಕಾದ ಗಂಟೆಗಳು ಎಷ್ಟು, ಆಗ ಅನುಭವಿ ಶಿಕ್ಷಕರೊಬ್ಬರು ನಿಮ್ಮನ್ನು ಗಮನಿಸಿ ತಿದ್ದುತ್ತಾರೆಯೇ ಎಂಬುದನ್ನು ನೋಡಿ. ವಿಡಿಯೊ ಪಾಠ, ಲಿಖಿತ ಪರೀಕ್ಷೆ ಇಷ್ಟರಲ್ಲೇ ಮುಗಿಯುವ ಕೋರ್ಸಿನಿಂದ ಮೂರು ವರ್ಷದವರ ಕೋಣೆಗೆ ಹೋದರೆ ಮೊದಲ ವಾರವೇ ದಿಕ್ಕು ತೋಚದಂತಾಗುತ್ತದೆ. ಮಾಂಟೆಸ್ಸೊರಿ ಎಂಬ ಹೆಸರನ್ನು ಯಾರು ಬೇಕಾದರೂ ಬಳಸಬಹುದು. ಫಲಕದ ಮೇಲಿರುವ ಹೆಸರೇ ಗುಣಮಟ್ಟದ ಖಾತ್ರಿಯಲ್ಲ. ಯಾವ ಸಂಸ್ಥೆ ಆ ತರಬೇತಿಗೆ ಮಾನ್ಯತೆ ಕೊಟ್ಟಿದೆ ಎಂದು ಕೇಳಿ. ಮರಿಯಾ ಮಾಂಟೆಸ್ಸೊರಿಯವರೇ 1929ರಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಸಂಸ್ಥೆಯ ಮಾನ್ಯತೆಯೇ ಬೇರೆ, ಯಾರೋ ಅಚ್ಚು ಹಾಕಿಸಿಕೊಟ್ಟ ಡಿಪ್ಲೊಮಾವೇ ಬೇರೆ.

ಕಲಿತ ಕೂಡಲೇ ಸ್ವಂತ ಶಿಶುವಿಹಾರ ತೆರೆಯುವ ಆಸೆ, ಕೈಯಲ್ಲಿ ಸ್ವಲ್ಪ ಉಳಿತಾಯ ಇರುವವರಿಗೆ ಬಂದೇ ಬರುತ್ತದೆ. ಕನಿಷ್ಠ ಎರಡು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿಯದೆ ಅದಕ್ಕೆ ಕೈಹಾಕಬೇಡಿ. ಒಬ್ಬ ಸಿಬ್ಬಂದಿ ಹೇಳದೆ ರಜೆ ಹಾಕಿದ ದಿನ ಕೋಣೆಯನ್ನು ಹೇಗೆ ನಡೆಸುತ್ತಾರೆ ಎಂಬುದನ್ನು ನೋಡದವರಿಗೆ ಈ ವ್ಯವಹಾರ ಅರ್ಥವಾಗುವುದಿಲ್ಲ.

ಹಣದ ಲೆಕ್ಕ

ಹೆಚ್ಚಿನ ಕಡೆ ಈ ಕೆಲಸದ ಸಂಬಳ ನಿಮ್ಮ ಹಿಂದಿನ ಸಂಬಳಕ್ಕಿಂತ ಕಡಿಮೆ ಇರುತ್ತದೆ. ತರಬೇತಿಯ ಅವಧಿ, ಕೆಲಸ ಹುಡುಕುವ ಎರಡು ಮೂರು ತಿಂಗಳು, ಸಹಾಯಕರಾಗಿ ಕಳೆಯುವ ಮೊದಲ ವರ್ಷ ಈ ಮೂರಕ್ಕೂ ಪ್ರತ್ಯೇಕ ಲೆಕ್ಕ ಬರೆಯಿರಿ. ಈಗಿನ ಕೆಲಸದಲ್ಲಿರುವಾಗಲೇ ಸಹಾಯಕರ ಸಂಬಳದಷ್ಟು ಹಣದಲ್ಲೇ ಮೂರು ತಿಂಗಳು ಮನೆ ನಡೆಸಿ ನೋಡಿ, ಉಳಿದದ್ದನ್ನು ಮುಟ್ಟಬೇಡಿ. ಆ ಮೂರು ತಿಂಗಳು ಉಸಿರು ಕಟ್ಟಿದಂತಾದರೆ ಅರೆಕಾಲಿಕವಾಗಿ ಶುರು ಮಾಡುವ ದಾರಿ ಇದೆ. ರಜೆಯಲ್ಲಿರುವ ಶಿಕ್ಷಕರ ಬದಲಿಗೆ ಬರುವವರು ಎಲ್ಲಾ ಸಂಸ್ಥೆಗಳಿಗೂ ಬೇಕು. ಹಾಗೆ ಹೋದವರಿಗೆ ನಾಲ್ಕಾರು ಸಂಸ್ಥೆಗಳ ಒಳಗು ತಿಳಿಯುತ್ತದೆ.

ಕಾಗದಪತ್ರ ಮತ್ತು ದೇಹ

ತಡವಾಗುವ ಕಾಗದಗಳಿಗೆ ಮೊದಲು ಅರ್ಜಿ ಹಾಕಿ. ಪೊಲೀಸ್ ಪರಿಶೀಲನೆ ವಾರಗಟ್ಟಲೆ ಹಿಡಿಯಬಹುದು. ಬೇರೆ ಊರು, ಬೇರೆ ದೇಶಗಳಲ್ಲಿ ಇದ್ದವರಿಗೆ ಅಲ್ಲಿನ ದಾಖಲೆಯೂ ಬೇಕಾಗುತ್ತದೆ. ಲಸಿಕೆಯ ವಿಷಯದಲ್ಲಿ ವೈದ್ಯರ ಬಳಿ ನಾಯಿಕೆಮ್ಮಿನ ಲಸಿಕೆಯ ಬಗ್ಗೆ ವಿಶೇಷವಾಗಿ ಕೇಳಿ. ಬಾಲ್ಯದಲ್ಲಿ ಹಾಕಿಸಿಕೊಂಡ ಲಸಿಕೆಯ ರಕ್ಷಣೆ ವರ್ಷ ಕಳೆದಂತೆ ಕುಗ್ಗುತ್ತದೆ. ದೊಡ್ಡವರಲ್ಲಿ ಬರೀ ಬಿಡದ ಕೆಮ್ಮಾಗಿ ಕಾಣುವ ಈ ಸೋಂಕು ಕೆಲವೇ ತಿಂಗಳ ಕೂಸಿನ ಪ್ರಾಣಕ್ಕೇ ಎರವಾಗಬಹುದು. ದಡಾರ, ರುಬೆಲ್ಲಾ, ಸೀತಾಳೆ ಸಿಡುಬು ಅಂದರೆ ಚಿಕನ್‌ಪಾಕ್ಸ್, ಹೆಪಟೈಟಿಸ್, ಫ್ಲೂ ಲಸಿಕೆಗಳ ಪಟ್ಟಿಯನ್ನೂ ಸರಿಮಾಡಿಕೊಳ್ಳಿ.

ದೇಹದ ಬಗ್ಗೆ ಯಾರೂ ಮುಂಚೆ ಹೇಳುವುದಿಲ್ಲ, ಆದರೆ ಕೆಲಸ ಬಿಡಿಸುವುದು ಬಹಳ ಸಲ ಅದೇ. ದಿನಕ್ಕೆ ಹತ್ತಾರು ಬಾರಿ ನೆಲಕ್ಕೆ ಕೂತು ಏಳಬೇಕು. ಕೈ ಊರದೆ ನೆಲದಿಂದ ಎದ್ದೇಳುವುದನ್ನು ಈಗಿನಿಂದಲೇ ದಿನಕ್ಕೆ ಹತ್ತು ಬಾರಿ ಅಭ್ಯಾಸ ಮಾಡಿ. ಮಂಡಿ ನೋವಿದ್ದರೆ ಒಂದು ಮಂಡಿ ನೆಲಕ್ಕೂರಿ ಏಳುವ ವಿಧಾನ ಕಲಿಯಿರಿ. ಮೂರು ವರ್ಷದ ಮಗುವಿನ ತೂಕ ಸುಮಾರು 14 ಕಿಲೊ. ಅದನ್ನು ಸೊಂಟ ಬಗ್ಗಿಸಿ ಎತ್ತಬಾರದು. ಮಂಡಿ ಮಡಿಸಿ ಕೂತು, ಮಗುವನ್ನು ಎದೆಗೆ ಒತ್ತಿಕೊಂಡು, ಕಾಲಿನ ಬಲದಿಂದ ಏಳಬೇಕು. ಡೈಪರ್ ಬದಲಿಸುವ ಮೇಜಿಗೆ ಮೆಟ್ಟಿಲಿದ್ದರೆ ನಡೆಯಬಲ್ಲ ಮಗು ತಾನೇ ಹತ್ತಲಿ, ನೀವು ಹಿಂದೆ ಕೈ ಹಿಡಿದಿರಿ.

ಕಿವಿಯ ಪರೀಕ್ಷೆ ಮಾಡಿಸಿ. ವಯಸ್ಸಾದಂತೆ ಮೊದಲು ಮಂದವಾಗುವುದು ತೀಕ್ಷ್ಣ ಸ್ವರಗಳು. ಪುಟ್ಟ ಮಕ್ಕಳ ದನಿಯೇ ತೀಕ್ಷ್ಣ, ‘ಸ’ಕಾರದಂಥ ಅಕ್ಷರಗಳು ಇನ್ನೂ ತೀಕ್ಷ್ಣ. ಗದ್ದಲದ ಕೋಣೆಯಲ್ಲಿ ಮಗು ಏನೆಂದಿತು ಎಂಬುದು ತಿಳಿಯದೆ ಸುಮ್ಮನೆ ತಲೆಯಾಡಿಸಿದರೆ ಅದಕ್ಕೆ ತಕ್ಷಣ ಗೊತ್ತಾಗುತ್ತದೆ. ಓದುವ ಕನ್ನಡಕ ಮಾತ್ರ ಇರುವವರು ಪುಸ್ತಕ ಓದುತ್ತಲೇ ಕೋಣೆಯ ಇನ್ನೊಂದು ತುದಿಯನ್ನೂ ನೋಡಬೇಕಾಗುತ್ತದೆಂದು ಕಣ್ಣಿನ ವೈದ್ಯರಿಗೆ ಹೇಳಿ. ಗಂಟಲಿನ ವಿಷಯಕ್ಕೆ ಒಂದೇ ನಿಯಮ: ಕೋಣೆಯ ಆಚೆಯಿಂದ ಕೂಗಬೇಡಿ, ನಡೆದು ಹೋಗಿ ಮಗುವಿನ ಎತ್ತರಕ್ಕೆ ಕೂತು ಹೇಳಿ. ಗಂಟಲೂ ಉಳಿಯುತ್ತದೆ, ಮಗು ಮಾತನ್ನು ಕೇಳಿಸಿಕೊಳ್ಳುತ್ತದೆ ಕೂಡ.

ಸುರಕ್ಷತೆಯನ್ನು ಬಾಯಿಪಾಠವಾಗಿ

ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಬೊಂಬೆಯ ಮೇಲೆ ಕೈಯಾರೆ ಮಾಡಿ ಕಲಿಯಬೇಕು. ಒಂದು ವರ್ಷದೊಳಗಿನ ಮಗುವಿನ ಗಂಟಲಿಗೆ ಏನಾದರೂ ಸಿಕ್ಕಿಕೊಂಡು, ಅದಕ್ಕೆ ಕೆಮ್ಮಲೂ ಅಳಲೂ ಆಗದಿದ್ದರೆ ತಲೆ ತಗ್ಗಿಸಿ ಹಿಡಿದು ಬೆನ್ನಿಗೆ 5 ಪೆಟ್ಟು, ಆಮೇಲೆ ಎದೆಗೆ 5 ಒತ್ತು. ಒಂದು ವರ್ಷ ದಾಟಿದವರಿಗೆ ಎದೆಯ ಬದಲು ಹೊಟ್ಟೆಯ ಮೇಲ್ಭಾಗಕ್ಕೆ ಒತ್ತು. ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ತೂರಿಸಬೇಡಿ, ಅದು ಇನ್ನಷ್ಟು ಒಳಗೆ ಹೋಗುತ್ತದೆ.

ಮೂರು ವರ್ಷದೊಳಗಿನವರ ಆಟಿಕೆಯನ್ನು ಅಳೆಯಲು ಬಳಸುವ ಕೊಳವೆಯ ವ್ಯಾಸ ಸುಮಾರು 3.2 ಸೆಂಟಿಮೀಟರ್. ಅದರೊಳಗೆ ಇಳಿಯುವುದೆಲ್ಲ ಉಸಿರು ಕಟ್ಟಿಸಬಲ್ಲದು. ಗುಂಡಿಯಾಕಾರದ ಬ್ಯಾಟರಿ ಇರುವ ಯಾವ ವಸ್ತುವೂ ಕೋಣೆಯಲ್ಲಿ ಇರಬಾರದು. ಅನ್ನನಾಳದಲ್ಲಿ ಸಿಕ್ಕಿಕೊಂಡ ಬ್ಯಾಟರಿ ಎರಡೇ ಗಂಟೆಯಲ್ಲಿ ಒಳಗೆ ಸುಡಬಲ್ಲದು, ಆದ್ದರಿಂದ ನುಂಗಿದ ಶಂಕೆ ಬಂದರೂ ಆಸ್ಪತ್ರೆಗೆ ಓಡಬೇಕು. ಕೂಸುಗಳನ್ನು ಅಂಗಾತ ಮಲಗಿಸಬೇಕು, ಹಾಸಿಗೆ ಗಟ್ಟಿಯಾಗಿರಬೇಕು, ದಿಂಬು, ಬೊಂಬೆ, ಹೊದಿಕೆಯ ರಾಶಿ ಇರಬಾರದು. ಬಕೆಟ್ಟಿನ ತಳದಲ್ಲಿ ಉಳಿದ ಅಂಗೈ ಆಳದ ನೀರೂ ಅಪಾಯವೇ.

ಕಾಯುವ ಕೈ, ಕಡಿಮೆ ಮಾತು

ಹಿಂದಿನ ವೃತ್ತಿ ಒಂದೊಂದು ಬಗೆಯ ಅಭ್ಯಾಸ ಬಿಟ್ಟುಹೋಗಿರುತ್ತದೆ. ಕಚೇರಿ ನಡೆಸಿದವರು ಮಕ್ಕಳ ಜಗಳಕ್ಕೆ ಅರ್ಧ ನಿಮಿಷದಲ್ಲಿ ತೀರ್ಪು ಕೊಡುತ್ತಾರೆ. ಪ್ರೌಢಶಾಲೆಯಲ್ಲಿ ಕಲಿಸಿದವರು ವಿವರಿಸುತ್ತಲೇ ಇರುತ್ತಾರೆ. ನರ್ಸ್ ಆಗಿದ್ದವರ ಸ್ವಚ್ಛತೆಗೆ ಸಾಟಿಯಿಲ್ಲ, ಆದರೆ ಮಗು ಮಾಡಬಲ್ಲದ್ದನ್ನೂ ತಾವೇ ಮಾಡಿಬಿಡುತ್ತಾರೆ. ಸ್ವಂತ ಮಕ್ಕಳನ್ನು ಬೆಳೆಸಿದವರಿಗೆ ಆ ಅನುಭವ ನಿಜವಾದ ಆಸ್ತಿ. ‘ನಾವು ಹೀಗೇ ಬೆಳೆಸಿದ್ದು’ ಎನ್ನುವಾಗ ಮಾತ್ರ ಅದು ಅಡ್ಡಗಾಲಾಗುತ್ತದೆ.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ. ಮೂರು ವರ್ಷದ ಮಗು ಮಾತು ಜೋಡಿಸಿಕೊಳ್ಳಲು ಅಷ್ಟು ಹೊತ್ತು ಬೇಕು. ಎರಡನೇ ಎಣಿಕೆಗೇ ನೀವು ಮತ್ತೆ ಕೇಳಿದರೆ ಅದು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ‘ಓಡಬೇಡ’ ಎನ್ನುವ ಬದಲು ‘ನಡೆದು ಬಾ ಕಂದಾ’ ಎನ್ನಿ. ಏನು ಮಾಡಬಾರದೆಂಬುದರಿಂದ ಏನು ಮಾಡಬೇಕೆಂಬುದನ್ನು ಊಹಿಸುವುದು ಆ ವಯಸ್ಸಿಗೆ ಕಷ್ಟ. ಒಂದು ಸಲಕ್ಕೆ ಒಂದೇ ಸೂಚನೆ ಸಾಕು. ಶೂ ಹಾಕಿಕೊಳ್ಳುತ್ತಿರುವ ಮಗುವಿಗೆ ‘ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ’ ಎಂಬಷ್ಟು ಸಹಾಯ ಸಾಕು. ತಡವಾಗುತ್ತದೆಂದರೆ ಆ ಮಗುವಿಗೆ ಶೂ ಹಾಕಿಕೊಳ್ಳುವುದನ್ನು ಐದು ನಿಮಿಷ ಮುಂಚೆಯೇ ಶುರು ಮಾಡಿಸಿ.

ಕಚ್ಚುವುದು ಒಂದೂವರೆಯಿಂದ ಎರಡೂವರೆ ವರ್ಷದವರಲ್ಲಿ ತೀರಾ ಸಾಮಾನ್ಯ. ಮಾತು ಸಾಲದ ಹೊತ್ತಿನಲ್ಲಿ ಬಾಯಿ ಮುಂದೆ ಹೋಗುತ್ತದೆ. ಮೊದಲು ಕಚ್ಚಿಸಿಕೊಂಡ ಮಗುವಿನ ಕಡೆ ಹೋಗಿ, ಸೋಪು ನೀರಿನಲ್ಲಿ ತೊಳೆದು ತಣ್ಣೀರಿನ ಬಟ್ಟೆ ಒತ್ತಿ. ಚರ್ಮ ಹರಿದಿದ್ದರೆ ವೈದ್ಯರಿಗೆ ತೋರಿಸಬೇಕು. ಕಚ್ಚಿದ ಮಗುವಿಗೆ ‘ಕಚ್ಚಿದರೆ ನೋಯುತ್ತದೆ, ನಂಗೆ ಕೊಡು ಅಂತ ಕೇಳು’ ಎಂದು ಒಂದೇ ವಾಕ್ಯ. ಆಮೇಲೆ ಎಷ್ಟು ಗಂಟೆಗೆ, ಎಲ್ಲಿ, ಯಾವ ಆಟಿಕೆಗಾಗಿ ನಡೆಯಿತು ಎಂದು ಬರೆದಿಡಿ. ಒಂದು ವಾರದ ಟಿಪ್ಪಣಿಯಲ್ಲಿ ಊಟಕ್ಕೆ ಮುಂಚಿನ ಹೊತ್ತೋ, ಇಕ್ಕಟ್ಟಿನ ಮೂಲೆಯೋ ಎದ್ದು ಕಾಣುತ್ತದೆ. ಸರಿಪಡಿಸಬೇಕಾದದ್ದು ಅದನ್ನು. ಯಾರು ಕಚ್ಚಿದರೆಂದು ಇನ್ನೊಂದು ಮಗುವಿನ ಮನೆಯವರಿಗೆ ಹೇಳಬಾರದು.

ಬೆಳಗಿನ ಅಳುವಿನಲ್ಲಿ ಹೊಸಬರು ಮಾಡುವ ತಪ್ಪೆಂದರೆ ಮಗುವಿನ ಗಮನ ಬೇರೆಡೆ ಸೆಳೆದು, ಅಮ್ಮನನ್ನು ಕದ್ದು ಹೋಗಲು ಹೇಳುವುದು. ಮರುದಿನದಿಂದ ಆ ಮಗು ಅಮ್ಮನ ಸೆರಗು ಬಿಡುವುದೇ ಇಲ್ಲ, ಯಾವ ಕ್ಷಣದಲ್ಲಾದರೂ ಮಾಯವಾಗಬಹುದೆಂಬ ಭಯ ಅದಕ್ಕೆ. ಹೇಳಿಯೇ ಹೋಗಬೇಕು, ಚಿಕ್ಕದಾಗಿ: ‘ಮಲಗಿ ಎದ್ದ ಮೇಲೆ ಬರ್ತೀನಿ.’ ನೀವು ಕೈ ಚಾಚಿ ಮಗುವನ್ನು ಎತ್ತಿಕೊಳ್ಳಿ, ಅಳಲು ಬಿಡಿ, ‘ಅಮ್ಮ ಬೇಕು ಅನ್ನಿಸ್ತಿದೆ ಅಲ್ವಾ’ ಎನ್ನಿ. ‘ಅಳಬೇಡ, ಏನೂ ಆಗಿಲ್ಲ’ ಎನ್ನಬೇಡಿ, ಆ ಮಗುವಿಗೆ ಆಗಿರುವುದು ದೊಡ್ಡದೇ.

ಅರ್ಜಿ, ಪ್ರಾತ್ಯಕ್ಷಿಕೆ

ಬಯೋಡೇಟಾದಲ್ಲಿ ಹಳೆಯ ಹುದ್ದೆಗಳ ಪಟ್ಟಿಯನ್ನು ಚಿಕ್ಕದು ಮಾಡಿ, ಮಕ್ಕಳ ಜೊತೆ ಕಳೆದ ಗಂಟೆಗಳನ್ನು ಮೇಲಕ್ಕೆ ತನ್ನಿ. ಪ್ರಾತ್ಯಕ್ಷಿಕೆ ಕೇಳಿದರೆ ಒಂದೇ ಚಿತ್ರಪುಸ್ತಕ, ಎಂಟರಿಂದ ಹತ್ತು ನಿಮಿಷ. ಹೊಸಬರು ಬಣ್ಣ, ಕತ್ತರಿ, ಅಂಟು ಎಲ್ಲವನ್ನೂ ಹೊತ್ತು ತರುತ್ತಾರೆ. ಅವನ್ನು ಹಂಚುವಷ್ಟರಲ್ಲಿ ಮಕ್ಕಳು ಎದ್ದು ಹೋಗಿರುತ್ತಾರೆ. ಎದ್ದು ಹೋಗುವುದು ಅಶಿಸ್ತೂ ಅಲ್ಲ. ಒಂದರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷದ ಓಡಾಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯೇ ಹೇಳುತ್ತದೆ.

ನೀವೂ ಪ್ರಶ್ನೆ ಕೇಳಿ. ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು? ಅಮೆರಿಕದ ಶಿಶುಶಿಕ್ಷಣ ಸಂಘಟನೆ ಎನ್‌ಎಇವೈಸಿಯ ಮಾನದಂಡದಲ್ಲಿ ಕೂಸುಗಳಿಗಾದರೆ 4ಕ್ಕೊಬ್ಬರು, ನಾಲ್ಕು ವರ್ಷದವರಿಗಾದರೆ 10ಕ್ಕೊಬ್ಬರು. ನಿಮ್ಮಲ್ಲಿನ ಕಾನೂನಿನ ಸಂಖ್ಯೆ ಬೇರೆ ಇರಬಹುದು, ಅದನ್ನು ತಿಳಿದುಕೊಂಡೇ ಹೋಗಿ. ಪಾಠದ ತಯಾರಿಗೆ ಸಂಬಳದ ಸಮಯ ಇದೆಯೇ? ಶೌಚಕ್ಕೆ ಹೋಗಬೇಕಾದರೆ ಕೋಣೆ ನೋಡಿಕೊಳ್ಳುವವರು ಯಾರು? ಕಳೆದ ವರ್ಷ ಎಷ್ಟು ಶಿಕ್ಷಕರು ಬಿಟ್ಟು ಹೋದರು? ಕೊನೆಯ ಪ್ರಶ್ನೆಗೆ ಉತ್ತರ ತೇಲಿಸಿದರೆ ಆ ಕೆಲಸ ಒಪ್ಪಿಕೊಳ್ಳುವ ಮುನ್ನ ಅಲ್ಲಿ ಒಂದು ಸಂಜೆ ಕೂತು ನೋಡಿ.

ಮೊದಲ ಮೂರು ತಿಂಗಳು

ನೆಗಡಿ, ಕೆಮ್ಮು, ಹೊಟ್ಟೆಕೆಟ್ಟು ಮಲಗುವುದು ಮೊದಲ ವರ್ಷ ಸಹಜ. ಪ್ರತಿ ಡೈಪರ್ ನಂತರ, ಪ್ರತಿ ಮೂಗು ಒರೆಸಿದ ನಂತರ, ಊಟಕ್ಕೆ ಮುಂಚೆ ಸೋಪಿನಿಂದ 20 ಸೆಕೆಂಡ್ ಕೈತೊಳೆಯುವುದನ್ನು ಬಿಡಬೇಡಿ. ನಿಮ್ಮ ಮೇಲ್ವಿಚಾರಕಿ ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರಿರಬಹುದು. ಮೊದಲ ದಿನವೇ ‘ತಪ್ಪು ಕಂಡರೆ ಆಗಿಂದಾಗಲೇ ಹೇಳಿ’ ಎಂದು ನೀವಾಗಿಯೇ ಹೇಳಿದರೆ ಅವರ ಸಂಕೋಚವೂ ಹೋಗುತ್ತದೆ.

ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಒಂದು ಮಗುವಿನ ಜೊತೆ ಇರಬೇಡಿ. ಬಟ್ಟೆ, ಡೈಪರ್ ಬದಲಿಸುವುದು ಇನ್ನೊಬ್ಬರ ಕಣ್ಣಿಗೆ ಕಾಣುವಲ್ಲಿ ಆಗಲಿ. ಮಗು ತನಗೆ ಯಾರೋ ನೋವು ಮಾಡಿದ್ದನ್ನು ಹೇಳಿದರೆ ಕೆದಕಿ ಕೇಳಬೇಡಿ, ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಅದು ಆಡಿದ ಮಾತನ್ನು ಅದರದೇ ಪದಗಳಲ್ಲಿ, ದಿನಾಂಕ, ಸಮಯದೊಂದಿಗೆ ಬರೆದು ಅದೇ ದಿನ ಸಂಸ್ಥೆಯ ಮಕ್ಕಳ ರಕ್ಷಣಾ ಜವಾಬ್ದಾರರಿಗೆ ತಲುಪಿಸಿ. ಅವರು ಕೈಕಟ್ಟಿ ಕೂತರೆ ಕಾನೂನು ಸೂಚಿಸಿದ ಅಧಿಕಾರಿಗೆ ನೀವೇ ತಿಳಿಸಬೇಕು.

ಸಂಜೆ ಮನೆಯವರು ಬಂದಾಗ ‘ಚೆನ್ನಾಗಿತ್ತು’ ಎಂದಷ್ಟೇ ಹೇಳಿ ಕಳಿಸಬೇಡಿ. ಆ ದಿನ ಬರೆದುಕೊಂಡದ್ದರಲ್ಲಿ ಒಂದನ್ನು ಹೇಳಿ, ಮನೆಯಲ್ಲಿ ಮಾಡಬಹುದಾದ್ದು ಒಂದನ್ನು ಸೇರಿಸಿ: ‘ಇವತ್ತು ಶೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಸರಿಯಾದ ಕಾಲಿಗೆ ತಾನೇ ಹಾಕಿಕೊಂಡಳು. ಆರು ನಿಮಿಷ ಹಿಡೀತು. ನಾಳೆ ಬೆಳಗ್ಗೆ ಹೊರಡೋಕೆ ಹತ್ತು ನಿಮಿಷ ಮುಂಚೆ ಶೂ ಅವಳ ಮುಂದೆ ಇಟ್ಟುಬಿಡಿ.’